ಹೆದ್ದಾರಿ, ನೀರೊಲೆ ಮತ್ತು ಎಳೆಯ ಶ್ವಾಸಕೋಶ

ಹುಬ್ಬಳ್ಳಿಯ ದಕ್ಷಿಣದಂಚಿನ ಗಬ್ಬೂರ ಎಂದರೆ ಬಹಳ ಜನರಿಗೆ ನೆನಪಾಗುವುದು ಪುಣೆ–ಬೆಂಗಳೂರು ಹೆದ್ದಾರಿಯಿಂದ ನರೇಂದ್ರದತ್ತ ಬೈಪಾಸ್ ಹೊರಡುವ ಕ್ರಾಸ್, ಹಗಲಿರುಳೂ ಹಾಯುವ ಲಾರಿಗಳು ಮತ್ತು ಆ ಬೈಪಾಸಿನ ಅಪಘಾತಗಳು. ಅಪಘಾತವಾದರೆ ಠಾಣೆಯಲ್ಲಿ ದಾಖಲೆಯಾಗುತ್ತದೆ. ಆದರೆ ಅದೇ ರಸ್ತೆಯ ಹೊಗೆಯನ್ನು ಹುಟ್ಟಿದಂದಿನಿಂದ ಉಸಿರಾಡುವ ಮಗುವಿನ ಎದೆಗೆ ತಗಲುವ ಹಾನಿ ಹಲವು ವರ್ಷಗಳ ಮೇಲೆ ತಲೆಯೆತ್ತುವುದರಿಂದ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ನಿಗದಿತ ಮಿತಿಯೊಳಗಿಲ್ಲದ ಕರ್ನಾಟಕದ ನಾಲ್ಕು ನಗರಗಳ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿಗಳ ಜೊತೆ ಹುಬ್ಬಳ್ಳಿ-ಧಾರವಾಡವೂ ಸೇರಿದೆ.

ಶ್ವಾಸಕೋಶ ಹುಟ್ಟುವಾಗಲೇ ಪೂರ್ಣವಾಗಿರುವ ಅಂಗವಲ್ಲ. ಗಾಳಿ ಸಾಗುವ ಕೊಳವೆಗಳು ಮರದ ಕೊಂಬೆಗಳಂತೆ ಕವಲೊಡೆಯುವ ಕೆಲಸ ಗರ್ಭದ ಹದಿನೇಳನೆಯ ವಾರದ ಹೊತ್ತಿಗೇ ಮುಗಿಯುತ್ತದೆ. ಆದರೆ ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವ ಪುಟ್ಟ ಗಾಳಿಗುಳ್ಳೆಗಳು, ಅಂದರೆ ವಾಯುಕೋಶಗಳು, ಹೆಚ್ಚಿನಂಶ ಹುಟ್ಟಿದ ಮೇಲೆ, ಅದರಲ್ಲೂ ಮೊದಲ ಎರಡು-ಮೂರು ವರ್ಷಗಳಲ್ಲಿ ಮೂಡುತ್ತವೆ. ಉಸಿರಿನ ಬಲ ಇಪ್ಪತ್ತರಿಂದ ಇಪ್ಪತ್ತೈದರ ಪ್ರಾಯದಲ್ಲಿ ತುತ್ತತುದಿ ಮುಟ್ಟಿ, ಆಮೇಲೆ ಎಲ್ಲರಲ್ಲೂ ಮೆಲ್ಲಗೆ ಇಳಿಯುತ್ತದೆ. ಏರುವಾಗಲೇ ಹಿಂದೆ ಬಿದ್ದವರು ಇಳಿಯುವಾಗ ರೋಗದ ಗೆರೆಯನ್ನು ಬೇಗ ಮುಟ್ಟುತ್ತಾರೆ.

ಇದಕ್ಕೆ ಸಾಕ್ಷಿ ಕರ್ನಾಟಕದಲ್ಲೇ ಸಿಕ್ಕಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ರಿಜಿಸ್ಟರಿನಲ್ಲಿ ಬರೆದಿಡಲಾಗುತ್ತಿತ್ತು. ಆ ಪುಟಗಳನ್ನು ಹಿಡಿದು ಸಂಶೋಧಕರು, ಅಲ್ಲಿ ಹುಟ್ಟಿ 38ರಿಂದ 59 ವರ್ಷದವರಾಗಿದ್ದ 286 ಜನರ ಉಸಿರಿನ ಬಲವನ್ನು ಅಳೆದರು. ತುಂಬಾ ಉಸಿರೆಳೆದು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂಬುದೇ ಆ ಅಳತೆ. ಹುಟ್ಟುತೂಕ ಕಡಿಮೆಯಿದ್ದಷ್ಟೂ ಆ ಗಾಳಿಯ ಪ್ರಮಾಣ ಕಡಿಮೆಯಿರುವುದು ಗಂಡಸರಲ್ಲೂ ಹೆಂಗಸರಲ್ಲೂ ಕಂಡುಬಂದಿತು. 1997ರಲ್ಲಿ ಪ್ರಕಟವಾದ ಈ ಅಧ್ಯಯನ ತಿಳಿಸುವಂತೆ ಬಸುರಿಯ ತಟ್ಟೆಯ ಊಟಕ್ಕೂ ಅರ್ಧ ಶತಮಾನದಾಚೆಯ ದಮ್ಮಿಗೂ ನಂಟಿರಬಹುದು.

ಹೊಗೆಯ ಮಾತು ಬಂದಾಗ ರಸ್ತೆಯನ್ನಷ್ಟೇ ದೂರುವುದು ಸುಲಭ. ಅಡುಗೆಗೆ ಗ್ಯಾಸ್ ಬಂದಿರುವ ಮನೆಗಳಲ್ಲೂ ಸ್ನಾನದ ಹಂಡೆಯ ಕೆಳಗೆ ಹತ್ತಿಕಟ್ಟಿಗೆಯೋ ಕುಳ್ಳೋ ಉರಿಯುವುದುಂಟು. ಬಾಣಂತಿಯ ಹೊರಸಿನ ಬಳಿ ಕೆಂಡದ ಶೇಗಡಿಯಿಟ್ಟು, ಓಂಕಾಳು, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸಿ, ಎರೆದ ಕೂಸನ್ನು ಆ ಹೊಗೆಯ ಮೇಲೆ ಆಡಿಸುವುದೂ ಉಂಟು. ಹಿರಿಯರ ಉದ್ದೇಶ ಕೂಸನ್ನು ಬೆಚ್ಚಗಿಡುವುದು, ಅದು ಸರಿಯೇ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ, ವಾಯುಕೋಶಗಳು ಮೂಡುತ್ತಿರುವ ದಿನಗಳಲ್ಲೇ, ಈ ಹೊಗೆ ಎಳೆಯ ಶ್ವಾಸನಾಳಗಳನ್ನು ಕೆರಳಿಸುತ್ತದೆ. ಬೆಚ್ಚಗಿಡಲು ಬಟ್ಟೆ ಸಾಕು, ಹೊಗೆ ಬೇಕಿಲ್ಲ. ಮನೆಯೊಳಗಿನ ಬೀಡಿ-ಸಿಗರೇಟಿನ ವಿಷಯದಲ್ಲಿ ಚರ್ಚೆಗೇ ಎಡೆಯಿಲ್ಲ.

ಹೆದ್ದಾರಿಯ ಪ್ರಭಾವವನ್ನು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಅಳೆಯಲಾಗಿದೆ. ದೊಡ್ಡ ಹೆದ್ದಾರಿಯಿಂದ 500 ಮೀಟರಿನೊಳಗೆ ವಾಸಿಸುವ ಮಕ್ಕಳ ಶ್ವಾಸಕೋಶ, 1,500 ಮೀಟರಿನಾಚೆ ವಾಸಿಸುವವರಿಗಿಂತ ಕಡಿಮೆ ಬೆಳೆದಿರುವುದು 2007ರಲ್ಲಿ ವರದಿಯಾಯಿತು. ಗಬ್ಬೂರ ಕ್ರಾಸಿನಿಂದ 500 ಮೀಟರಿನೊಳಗೆ ಯಾವ ಮನೆ, ಯಾವ ಅಂಗನವಾಡಿ ಬರುತ್ತದೆಂದು ಅಲ್ಲಿಯವರು ನಡೆದೇ ಅಳೆದುಕೊಳ್ಳಬಹುದು. ಅದೇ ಕ್ಯಾಲಿಫೋರ್ನಿಯಾದಲ್ಲಿ ವಾಹನಗಳ ಹೊಗೆಗೆ ಬಿಗಿ ನಿಯಮ ಬಂದು ಗಾಳಿ ತಿಳಿಯಾದ ಮೇಲೆ, ಉಸಿರಿನ ಬಲ ಗಣನೀಯವಾಗಿ ಕುಂದಿದ್ದ ಹದಿನೈದರ ಮಕ್ಕಳ ಪ್ರಮಾಣ ಶೇ. 7.9ರಿಂದ ಶೇ. 3.6ಕ್ಕೆ ಇಳಿಯಿತೆಂದು 2015ರ ವರದಿ ಹೇಳುತ್ತದೆ.

ಮೈಸೂರಿನ ಆ ರಿಜಿಸ್ಟರಿನ ಕೆಲಸವನ್ನು ಇಂದು ಪ್ರತಿ ಮನೆಯ ತಾಯಿ ಕಾರ್ಡು ಮಾಡುತ್ತಿದೆ. ಲಸಿಕೆಗಳು ಮುಗಿದೊಡನೆ ಅದು ಟ್ರಂಕಿನ ತಳ ಸೇರುವುದು ವಾಡಿಕೆ. ಹಾಗಾಗಗೊಡದೆ, ಮಗುವಿಗೆ ಮೇಲಿಂದ ಮೇಲೆ ಕೆಮ್ಮು, ಉಬ್ಬಸ ಕಾಣಿಸಿದಾಗ ಹುಟ್ಟುತೂಕ ಬರೆದಿರುವ ಆ ಪುಟವನ್ನೂ ವೈದ್ಯರ ಮುಂದಿಡಬೇಕು, ಮನೆ ರಸ್ತೆಗೆಷ್ಟು ದೂರ, ನೀರು ಕಾಯುವುದು ಯಾವುದರ ಮೇಲೆ ಎಂಬುದನ್ನೂ ಹೇಳಬೇಕು.