ಮೊದಲು ಕೇಳಿಸಿಕೊಳ್ಳೋರು

ಜಗಳೂರಿನ ಒಂದು ಮನೆ ಅಂದ್ಕೊಳ್ಳಿ. ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿದೆ, ಸಾಲ ಬೆಳೆದಿದೆ. ಮನೆ ಯಜಮಾನರಿಗೆ ವಾರದಿಂದ ನಿದ್ದೆಯಿಲ್ಲ.

"ಧೈರ್ಯ ತಗೊಳ್ಳಿ" ಅಂದ್ರೆ ಸಾಲದು. ಆಪ್ತಸಮಾಲೋಚಕರು ಉಪದೇಶ ಮಾಡಲ್ಲ, ಕೇಳಿಸಿಕೊಳ್ತಾರೆ. "ಸಾಯಬೇಕು ಅನಿಸಿದೆಯಾ, ಅಣ್ಣಾ?" ಅಂತ ನೇರವಾಗೇ ಕೇಳ್ತಾರೆ. ಕೇಳಿದ್ರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು. ಎಷ್ಟೋ ಸಲ ಎದೆ ಹಗುರಾಗುತ್ತೆ.

ಹೇಳಿದ್ದು ಊರಿಗೆ ಹರಡಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆಯ ಹಕ್ಕಿದೆ. ಜೀವಕ್ಕೆ ಅಪಾಯ ಕಂಡಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇಕಾದವರಿಗೆ ತಿಳಿಸಬಹುದು.

ಸಮಾಜಕಾರ್ಯಕರ್ತರು ಬರೀ ಕೇಳಿಸಿಕೊಂಡು ನಿಲ್ಲಲ್ಲ. ಬೆಳೆ ವಿಮೆ, ಬ್ಯಾಂಕು, ಮಕ್ಕಳ ಓದು, ಎಲ್ಲದರ ಹಿಂದೆ ಓಡಾಡ್ತಾರೆ. ನೋವಿನ ಬೇರು ಹೊಲದಲ್ಲಿದ್ದಾಗ ಬರೀ ಮಾತ್ರೆ ಏನು ಮಾಡೀತು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿದ್ರೂ ಸರಿ: ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ, 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ.