ಬೀಗದ ಕೈ ನನ್ನ ಜೇಬಲ್ಲೇ ಇತ್ತು!

ಕಳೆದ ಮಳೆಗಾಲದಲ್ಲಿ ಮೂರು ದಿನ ರಜೆ ಸಿಕ್ಕಿತು ಅಂತ ಬೆಂಗಳೂರಿಂದ ಸಾಗರದ ಹತ್ತಿರದ ನಮ್ಮೂರಿಗೆ ಹೋಗಿದ್ವಿ. ಎರಡನೇ ರಾತ್ರಿ ನಾಲ್ಕು ವರ್ಷದ ಮಗನಿಗೆ ಜ್ವರ ಏರಿತು. ಹಣೆ ಮುಟ್ಟಿದರೆ ಕೆಂಡ. ಗಂಟೆ ಹನ್ನೊಂದು. "ಇನ್ನು ಕಾಯೋದು ಬೇಡ, ಆಸ್ಪತ್ರೆಗೆ ಹೊರಡೋಣ" ಅಂದಳು ಹೆಂಡತಿ.

ಮಗುವಿಗೆ ಕಂಬಳಿ ಸುತ್ತಿ ಅಂಗಳಕ್ಕೆ ಬಂದೆವು. ಕೀ ಜೇಬಲ್ಲಿತ್ತು. ಬಾಗಿಲ ಹಿಡಿಕೆಯ ಗುಂಡಿ ಒತ್ತಿದೆ. ಸದ್ದಿಲ್ಲ. ಕೀಯನ್ನೇ ಕೈಗೆ ತಗೊಂಡು ಒತ್ತಿದೆ. ಊಹೂಂ. ನಾಲ್ಕೂ ಬಾಗಿಲು ಎಳೆದು ನೋಡಿದೆ. ಮಳೆ ಸುರೀತಾನೇ ಇತ್ತು.

"ಕೀ ಹಾಕಿ ತೆಗಿಯೋ ತಮ್ಮಾ" ಅಂದರು ಅಪ್ಪಯ್ಯ, ಛತ್ರಿ ಹಿಡಿದುಕೊಂಡು.

"ಇದಕ್ಕೆ ಆ ಥರ ಕೀ ಇಲ್ಲ ಅಪ್ಪಯ್ಯ."

"ಕೀಲಿ ಇಲ್ಲದ ಬಾಗಿಲು ಎಲ್ಲಾದ್ರೂ ಇರ್ತದೇನೋ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡೋಣವೆಂದರೆ ಮಳೆಗೆ ನೆಟ್‌ವರ್ಕ್ ಹೋಗಿತ್ತು. ಕಾರಿನ ಕೈಪಿಡಿ ನೋಡೋಣವೆಂದರೆ ಅದು ಇದ್ದದ್ದು ಕಾರಿನ ಒಳಗೇ! ಕೊನೆಗೆ ಅಪ್ಪಯ್ಯ ಟಾರ್ಚ್ ಹಿಡಿದು ಪಕ್ಕದ ಮನೆಗೆ ಹೋಗಿ, ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಅವರ ಹಳೇ ಜೀಪು ತರಿಸಿದರು. ಆಸ್ಪತ್ರೆ ಮುಟ್ಟುವಾಗ ಹನ್ನೆರಡೂವರೆ. ಡಾಕ್ಟರು ನೋಡಿದರು, ಔಷಧಿ ಕೊಟ್ಟರು, ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು. ಆ ಮುಕ್ಕಾಲು ಗಂಟೆ ಮಾತ್ರ ನನ್ನ ಎದೆಯಿಂದ ಇಳಿದಿಲ್ಲ.

ಮಾರನೇ ದಿನ ಕಾಫಿ ಕುಡಿಯುತ್ತಾ ಅಪ್ಪಯ್ಯ ಆ ಕೀಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ರೇಡಿಯೋದ ಹಾಗೆ ಇದಕ್ಕೂ ಸೆಲ್ ಹಾಕೋ ಜಾಗ ಇರಬೇಕು ಅನ್ನೋದು ಅವರ ಲೆಕ್ಕ. "ಇದೆಂತದೋ ಸಣ್ಣ ಚಿಲಕ?" ಎನ್ನುತ್ತಾ ಉಗುರಿನಿಂದ ಸರಿಸಿ ಎಳೆದರು. ಒಳಗಿಂದ ಒಂದು ಲೋಹದ ಕೀಲಿಕೈ ಜಾರಿ ಹೊರಗೆ ಬಂತು. ಮೂರು ವರ್ಷದಿಂದ ಅದನ್ನು ಜೇಬಲ್ಲಿಟ್ಟುಕೊಂಡೇ ಓಡಾಡಿದ್ದೆ!

ಚಾಲಕನ ಬಾಗಿಲ ಹಿಡಿಕೆಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಿದಾಗ ಕೀಲಿ ರಂಧ್ರವೂ ಸಿಕ್ಕಿತು. ತಿರುಗಿಸಿದೆ, ಬಾಗಿಲು ತೆರೆಯಿತು. ಜೊತೆಗೆ ಅಲಾರಾಂ ಕಿರುಚಿಕೊಂಡು ಕೇರಿಯ ನಾಯಿಗಳೆಲ್ಲ ಎದ್ದವು. ಆ ಗಲಾಟೆಯಲ್ಲೇ ಕೈಪಿಡಿ ತೆಗೆದು ಓದಿದೆ. ಬ್ರೇಕ್ ಒತ್ತಿ ಹಿಡಿದು, ಕೀಯನ್ನು ಸ್ಟಾರ್ಟ್ ಬಟನ್‌ಗೇ ತಾಗಿಸಿ ಒತ್ತಿದೆ. ಗಾಡಿ ಸ್ಟಾರ್ಟ್ ಆಯ್ತು, ಅಲಾರಾಂ ನಿಂತಿತು.

ಇದು ಹೇಗೆ?

ನಾವು ಹತ್ತಿರ ಹೋದಾಗ ಕಾರು ರೇಡಿಯೋ ಸಂಕೇತದಲ್ಲಿ "ಯಾರು?" ಅಂತ ಕೇಳುತ್ತೆ. ಕೀ ತನ್ನ ಗುಟ್ಟಿನ ಸಂಕೇತದಲ್ಲಿ ಉತ್ತರಿಸುತ್ತೆ. ಹಾಗೆ ಉತ್ತರಿಸೋಕೆ ಸೆಲ್ ಬೇಕು. ಆದರೆ ಕೀಯೊಳಗೆ ಇನ್ನೊಂದು ಪುಟ್ಟ ಚಿಪ್ ಇರುತ್ತೆ. ಅದಕ್ಕೆ ಸೆಲ್ ಬೇಡ, ತೀರಾ ಹತ್ತಿರ ಹಿಡಿದರೆ ಕಾರಿನಿಂದಲೇ ಬೇಕಾದಷ್ಟು ಶಕ್ತಿ ಪಡೆದುಕೊಳ್ಳುತ್ತೆ. ಹಾಗಾಗಿ ಸೆಲ್ ಸತ್ತರೂ ಎಂಜಿನ್ ಓಡುತ್ತೆ.

ಕೀ ಸೆಲ್ ಕ್ಷೀಣಿಸಿದೆ ಅಂತ ಡ್ಯಾಶ್‌ಬೋರ್ಡ್ ಒಂದು ತಿಂಗಳಿಂದ ಹೇಳುತ್ತಲೇ ಇತ್ತು. ನಾನು ಆಮೇಲೆ ನೋಡೋಣ ಅಂದುಕೊಂಡಿದ್ದೆ.

ಈ ಭಾನುವಾರ ಹತ್ತು ನಿಮಿಷ ಕೊಡಿ

- ನಿಮ್ಮ ಕೀಯ ಒಳಗಿನ ಲೋಹದ ಕೀಲಿಕೈ ತೆಗೆದು, ಅದರಿಂದಲೇ ಒಮ್ಮೆ ಬಾಗಿಲು ತೆರೆಯಿರಿ. ಕಾರಿನ ದೊಡ್ಡ ಬ್ಯಾಟರಿ ಕೈಕೊಟ್ಟರೂ ಇದೇ ಗತಿ.
- ಸೆಲ್ ಇಲ್ಲದೆ ಸ್ಟಾರ್ಟ್ ಮಾಡೋದು ಹೇಗೆ ಅಂತ ಕೈಪಿಡಿಯಲ್ಲಿ ನೋಡಿ. ಎಲ್ಲ ಕಾರಲ್ಲೂ ಕೀ ಹಿಡಿಯುವ ಜಾಗ ಒಂದೇ ಅಲ್ಲ. ಆ ಪುಟದ ಫೋಟೋ ಫೋನಲ್ಲಿರಲಿ.
- ಎಷ್ಟೋ ಕೀಗಳಿಗೆ ಸಿಆರ್ 2032 ಸೆಲ್ ಸಾಕು. ಹೆಸರಲ್ಲೇ ಅಳತೆ ಇದೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ನಿಮ್ಮದಕ್ಕೆ ಯಾವುದು ಅಂತ ನೋಡಿ ಒಂದನ್ನು ಪರ್ಸಲ್ಲಿಡಿ, ಕಾರಲ್ಲಿ ಬೇಡ! ಮಕ್ಕಳ ಕೈಗೆ ಮಾತ್ರ ಸಿಗಬಾರದು, ನುಂಗಿದರೆ ಪ್ರಾಣಕ್ಕೇ ಅಪಾಯ.
- ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಇದನ್ನು ತೋರಿಸಿಕೊಡಿ.

ಸೌಕರ್ಯ ತಪ್ಪಲ್ಲ. ಎರಡೂ ಕೈಯಲ್ಲಿ ಚೀಲ ಹಿಡಿದು ಬಂದಾಗ ಕೀ ಹುಡುಕದೆ ಬಾಗಿಲು ತೆರೆಯೋ ಸುಖ ನನಗೂ ಇಷ್ಟ. ಆದರೆ ಅದು ಕೈಕೊಟ್ಟಾಗ ಏನು ಮಾಡಬೇಕು ಅನ್ನೋದನ್ನು ಕಾರು ಕೊಂಡ ದಿನವೇ ಕೇಳಬೇಕಿತ್ತು. ಕೇಳಲಿಲ್ಲ.

ಹೊರಡುವಾಗ ಅಪ್ಪಯ್ಯ ಕಿಟಕಿಯ ಹತ್ತಿರ ಬಂದು ಕೇಳಿದರು: "ಕೀಲಿಕೈ ಇದ್ಯೇನೋ?"

ಈಗ ಪ್ರತಿ ಸಲ ಊರಿಗೆ ಹೊರಡುವ ಮುಂಚೆ ಕೀ ತಿರುಗಿಸಿಯೇ ಬಾಗಿಲು ತೆಗೀತೀನಿ. ಮಗನಿಗೂ ಆ 'ಟಕ್' ಸದ್ದು ಅಂದರೆ ಇಷ್ಟ.