ಪಿತ್ತಕೋಶ ತೆಗೆದ ಮೇಲೆ ಬರುವ ರಿಪೋರ್ಟ್ ಓದದೆ ಬಿಡಬೇಡಿ



ಈ ಬಾರಿಯ ಆರೋಗ್ಯ ಪುಟದಲ್ಲಿ ಪಿತ್ತಕೋಶದ ಕ್ಯಾನ್ಸರ್ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದ ಶಿಕ್ಷಕ. ಚಿಕಿತ್ಸೆಯ ಸಲಹೆಯನ್ನು ಡಾಕ್ಟರರಿಂದಲೇ ಪಡೆಯಬೇಕು. ಆದರೆ ಅವರ ಬಳಿ ಏನು ಕೇಳಬೇಕು ಎಂಬುದು ನಮಗೂ ತಿಳಿದಿರಬೇಕು.

ಪಿತ್ತಕೋಶವೆಂದರೆ ನಾವು ಗಾಲ್ ಬ್ಲಾಡರ್ ಎನ್ನುವ ಸಣ್ಣ ಚೀಲ. ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗೆ, ಲಿವರಿಗೆ ಅಂಟಿಕೊಂಡು ಇರುತ್ತದೆ. ಲಿವರ್ ತಯಾರಿಸುವ ಪಿತ್ತರಸ ಇದರಲ್ಲಿ ಸಂಗ್ರಹವಾಗಿ, ನಾವು ಜಿಡ್ಡಿನ ಊಟ ಮಾಡಿದಾಗ ಕರುಳಿಗೆ ಇಳಿಯುತ್ತದೆ. ಆ ರಸ ಗಟ್ಟಿಯಾದರೆ ಕಲ್ಲು ಆಗುತ್ತದೆ.

ಕಲ್ಲು ಇದ್ದವರೆಲ್ಲ ಹೆದರಬೇಕಾಗಿಲ್ಲ. ಪಿತ್ತಕೋಶದ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಕಲ್ಲು ಇರುತ್ತದೆ ನಿಜ. ಆದರೆ ಕಲ್ಲು ಇದ್ದವರಲ್ಲಿ ಕ್ಯಾನ್ಸರ್ ಬರುವುದು ತೀರ ಕೆಲವರಿಗೆ ಮಾತ್ರ. ಕಲ್ಲು 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಅಥವಾ ಒಳಗಿನ ಪಾಲಿಪ್ 1 ಸೆಂಟಿಮೀಟರ್ ದಾಟಿದ್ದರೆ ಅಪಾಯ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಈ ರೋಗ ಜಾಸ್ತಿ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಮತ್ತು ನಮ್ಮ ದೇಶದ ಗಂಗಾ ಬಯಲಿನ ರಾಜ್ಯಗಳಲ್ಲಿ ಇದು ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಕಡಿಮೆ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ.

ಈ ಕ್ಯಾನ್ಸರಿನಲ್ಲಿ 100ಕ್ಕೆ ಸುಮಾರು 90 ಅಡಿನೋಕಾರ್ಸಿನೋಮಾ, ಅಂದರೆ ರಸ ಸ್ರವಿಸುವ ಗ್ರಂಥಿಯ ಜೀವಕೋಶಗಳಿಂದ ಹುಟ್ಟುವಂಥದ್ದು. ಉಳಿದವುಗಳಲ್ಲಿ ಅಡಿನೋಸ್ಕ್ವೇಮಸ್ ಎಂಬ ಅಪರೂಪದ ಬಗೆ ಒಂದು. ಇದರಲ್ಲಿ ಗ್ರಂಥಿಯ ಕೋಶಗಳ ಜೊತೆಗೆ, ಚರ್ಮದಲ್ಲಿ ಇರುವಂಥ ಚಪ್ಪಟೆ ಕೋಶಗಳೂ ಗೆಡ್ಡೆಯಲ್ಲಿ ಸೇರಿರುತ್ತವೆ. ಆರೋಗ್ಯವಂತ ಪಿತ್ತಕೋಶದ ಒಳಪದರದಲ್ಲಿ ಇಂಥ ಚಪ್ಪಟೆ ಕೋಶಗಳು ಇರುವುದಿಲ್ಲ. ಈ ಬಗೆಯ ಗೆಡ್ಡೆ ಬೇಗ ಬೆಳೆದು ಪಕ್ಕದ ಲಿವರನ್ನೇ ಹೊಕ್ಕುತ್ತದೆ. ಪಿತ್ತಕೋಶದ ಗೋಡೆ ತೆಳು, ಲಿವರಿಗೆ ತಾಗಿರುವ ಬದಿಯಲ್ಲಿ ಹೊರಪೊರೆಯೂ ಇಲ್ಲ. ಹಾಗಾಗಿ ತಡೆಯುವುದಕ್ಕೆ ಹೆಚ್ಚೇನೂ ಇರುವುದಿಲ್ಲ.

ಮೊದಮೊದಲು ನೋವೇ ಇರುವುದಿಲ್ಲ. ಇದ್ದರೂ ಕಲ್ಲಿನ ನೋವಿನಂತೆಯೇ ಇರುತ್ತದೆ. ಅದಕ್ಕಾಗಿಯೇ ಅನೇಕರಲ್ಲಿ ಇದು ಗೊತ್ತಾಗುವುದು ಕಲ್ಲಿನ ಆಪರೇಷನ್ ಆದ ಮೇಲೆ, ಹೊರತೆಗೆದ ಪಿತ್ತಕೋಶವನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ. ಈ ಬಯಾಪ್ಸಿ ರಿಪೋರ್ಟ್ ಬರಲು ಕೆಲವು ದಿನ ಬೇಕು. ಅಷ್ಟರಲ್ಲಿ ರೋಗಿ ಡಿಸ್ಚಾರ್ಜ್ ಆಗಿ ಮನೆಗೆ ಬಂದಿರುತ್ತಾರೆ, ನೋವೂ ಹೋಗಿರುತ್ತದೆ. ರಿಪೋರ್ಟ್ ತರಲು ಯಾರೂ ಹೋಗುವುದಿಲ್ಲ. ದೊಡ್ಡ ಅಪಾಯ ಇರುವುದು ಇಲ್ಲೇ.

ಕ್ಯಾನ್ಸರ್ ಒಳಪದರದಲ್ಲಿ ಮಾತ್ರ ಇದ್ದರೆ ಸಾಮಾನ್ಯವಾಗಿ ಆಗಿರುವ ಆಪರೇಷನ್ನೇ ಸಾಕಾಗುತ್ತದೆ. ಸ್ನಾಯುವಿನ ಪದರಕ್ಕೆ ಅಥವಾ ಅದರಾಚೆಗೆ ಇಳಿದಿದ್ದರೆ ಪಕ್ಕದ ಲಿವರಿನ ಸ್ವಲ್ಪ ಭಾಗವನ್ನೂ ಹತ್ತಿರದ ದುಗ್ಧಗ್ರಂಥಿಗಳನ್ನೂ ತೆಗೆಯುವ ಎರಡನೇ ಆಪರೇಷನ್ ಬೇಕಾಗುತ್ತದೆ. ದೂರ ಹರಡಿದ ಮೇಲೆ ಉಳಿಯುವುದು ಹೆಚ್ಚಾಗಿ ಕೀಮೋಥೆರಪಿಯೇ. ಅದು ರೋಗವನ್ನು ಸ್ವಲ್ಪ ಕಾಲ ಹಿಡಿದಿಡಬಹುದು, ಪೂರ್ತಿ ಗುಣವಾಗುವುದು ವಿರಳ. ರಿಪೋರ್ಟ್ ಸಕಾಲದಲ್ಲಿ ಕೈಗೆ ಬಂದರೆ ಎರಡನೇ ಆಪರೇಷನ್‌ನ ಅವಕಾಶ ಉಳಿಯುತ್ತದೆ.

ಆದ್ದರಿಂದ ಮೂರು ವಿಷಯ ನೆನಪಿಡಿ.

1. ಆಪರೇಷನ್‌ಗೆ ಮುಂಚೆಯೇ, "ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳುಹಿಸುತ್ತೀರಾ? ರಿಪೋರ್ಟ್ ಯಾವಾಗ ಸಿಗುತ್ತದೆ?" ಎಂದು ಕೇಳಿ. ಆ ದಿನವನ್ನು ಬರೆದಿಟ್ಟು, ರಿಪೋರ್ಟ್ ತಂದು ಡಾಕ್ಟರಿಗೆ ತೋರಿಸಿ.

2. ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಮೈ ತುರಿಕೆ, ಕಾರಣವಿಲ್ಲದೆ ತೂಕ ಇಳಿಯುವುದು, ಬಲಭಾಗದಲ್ಲಿ ಬಿಡದ ನೋವು ಇದ್ದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಾ ಅಥವಾ ಕಾಮಾಲೆಗೆ ನಾಟಿ ಮದ್ದು ಮಾಡುತ್ತಾ ವಾರಗಳನ್ನು ಕಳೆಯಬೇಡಿ. ಒಂದು ಅಲ್ಟ್ರಾಸೌಂಡ್ ಸ್ಕ್ಯಾನ್‌ನಿಂದ ಬಹಳಷ್ಟು ತಿಳಿಯುತ್ತದೆ.

3. ಹಣವಿಲ್ಲ ಎಂದು ಹಿಂಜರಿಯಬೇಡಿ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡ್ ಮತ್ತು ಆಧಾರ್ ಸರಿಯಾಗಿ ಇಟ್ಟುಕೊಳ್ಳಿ. ಬೋಳಾರದವರಿಗೆ ವೆನ್ಲಾಕ್ ಆಸ್ಪತ್ರೆ ಹತ್ತಿರದಲ್ಲೇ ಇದೆ, ಮೊದಲು ಅಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಕ್ಯಾನ್ಸರಿಗೆಂದೇ ಇರುವ ಸರಕಾರಿ ಆಸ್ಪತ್ರೆ.

ವಿದ್ಯಾರ್ಥಿವೇತನ ಪಡೆಯುವ ಮಕ್ಕಳಿಗೂ ಒಂದು ಮಾತು. ಬಯಾಪ್ಸಿ ರಿಪೋರ್ಟ್ ಇಂಗ್ಲಿಷಿನಲ್ಲಿ ಇರುತ್ತದೆ. ಮನೆಯಲ್ಲಿ ಅದನ್ನು ಓದಬಲ್ಲವರು ಹಲವು ಸಲ ನೀವೇ. ಉಮ್ಮನ ನೋವು ಕಡಿಮೆಯಾಯಿತು ಎಂದು ಕಾಗದವನ್ನು ಕಪಾಟಿನಲ್ಲಿ ಇಡಬೇಡಿ. "ಕಾರ್ಸಿನೋಮಾ" ಎಂಬ ಪದ ಕಂಡರೆ ಗಾಬರಿಯಾಗದೆ ಅದೇ ದಿನ ಡಾಕ್ಟರ ಬಳಿ ಕೊಂಡುಹೋಗಿ.